ಹೆಪ್ಸಿ ಊಟಕ್ಕೆ ನಿಂತ ದಿನ

ಸ್ಪರ್ ಯಜಮಾನರು ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆಗೆ ಬರುತ್ತಾರೆಂದು ಪಕ್ಕದ ಮನೆಯ ಕೆಜಾಯಕ್ಕ ಓಡಿಬಂದು ಹೇಳಿದಳು. ನಾನು ಮೊದಲು ಓಡಿದ್ದು ಹಿತ್ತಿಲಿಗೆ. ಅಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿಯ ಚಿಪ್ಪಿನ ಗುಡ್ಡೆ ಬಿದ್ದಿತ್ತು. ನಮ್ಮ ಕಡಲದಂಡೆಯಲ್ಲಿ ಯಾರ ಮನೆಯ ಹಿಂದೆ ಆ ಚಿಪ್ಪು ಕಂಡಿತೋ ಅವರ ಮಾನ ಹೋಯಿತೆಂದೇ ಅರ್ಥ. ಬಿರುಗಾಳಿ ದಡಕ್ಕೆ ತಂದು ಎಸೆಯುವ ಆ ಜಂತುವನ್ನು ಉಳ್ಳವರು ಹಂದಿಗೆ ಹಾಕುತ್ತಾರೆ, ಇಲ್ಲವೇ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಮೀನಿಗೆ ಹೋದ ಗಂಡ ದೋಣಿ ಸಮೇತ ಮುಳುಗಿದ ಮೇಲೆ ನಾನೂ ನನ್ನ ಎಂಟು ವರ್ಷದ ಹೆಪ್ಸಿಯೂ ಅದನ್ನೇ ಬೇಯಿಸಿಕೊಂಡು ಬದುಕಿದ್ದೆವು. ಬದುಕಿದ್ದೆವಲ್ಲ, ಅದೇನು ಕಮ್ಮಿಯೇ?

ಸ್ಪರ್ ಊರಿನ ಬಡವರ ಮೇಲ್ವಿಚಾರಕ. ಹೊಟ್ಟೆಗಿಲ್ಲದ ಮನೆಯ ಮಕ್ಕಳನ್ನು ಹದಿನೆಂಟು ತುಂಬುವವರೆಗೆ ಉಳ್ಳವರ ಮನೆಯ ಚಾಕರಿಗೆ ಕರಾರು ಬರೆದು ಒಪ್ಪಿಸುವುದು ಅವರ ಕೆಲಸ. ಅದನ್ನು ಅವರು ಧರ್ಮ ಎನ್ನುತ್ತಿದ್ದರು. ಅವರ ಮಕ್ಕಳನ್ನು ಯಾರಾದರೂ ಹಾಗೆ ಕೈಹಿಡಿದು ಎಳೆದುಕೊಂಡು ಹೋಗಿದ್ದರೆ ಏನೆನ್ನುತ್ತಿದ್ದರೋ!

"ಗುದ್ದಲಿ ಇಲ್ಲಿ ಕೊಡು, ನಾನು ಹೂಳ್ತೀನಿ," ಎಂದಳು ಕೆಜಾಯಕ್ಕ. "ಊಟಕ್ಕೆ ಏನಿದೆ ಮನೇಲಿ?"

"ಮೆಕ್ಕೆಜೋಳದ ಗಂಜಿ."

"ಅಷ್ಟೇನಾ? ಅದನ್ನ ತೋರ್ಸಿದ್ರೆ ಇವತ್ತೇ ಮಗೂನ ಕರ್ಕೊಂಡ್ ಹೋಗ್ತಾನೆ ಕಣೇ! ತಡಿ, ನಮ್ಮ ಪೀಪಾಯಿಯಿಂದ ಒಂದು ತುಂಡು ಉಪ್ಪು ಹಂದಿಮಾಂಸ ತರ್ತೀನಿ. ಪಾದ್ರಿಗಳು ಬಂದಾಗ ಸುಟ್ಟ ಬಿಳಿ ಬ್ರೆಡ್ಡೂ ಅರ್ಧ ಉಳಿದಿದೆ."

ಬಿಳಿ ಬ್ರೆಡ್ಡು! ನಮ್ಮ ನೆಲದಲ್ಲಿ ಗೋಧಿಗೆ ರೋಗ, ಬರುವುದೆಲ್ಲ ಹಡಗಿನಲ್ಲಿ. ಹೆಪ್ಸಿ ಅದನ್ನು ಬಾಯಲ್ಲಿಟ್ಟವಳೇ ಅಲ್ಲ.

ಮದುವೆಗೆ ಮುಂಚೆ ಆರು ವರ್ಷ ನಾನು ಬಾಸ್ಟನ್ನಿನ ವರ್ತಕರೊಬ್ಬರ ಮನೆಯಲ್ಲಿ ಬಡಿಸಲು ನಿಂತವಳು. ದೊಡ್ಡವರ ಮಕ್ಕಳು ಹೇಗೆ ತಿನ್ನುತ್ತಾರೆಂದು ನೋಡಿ ನೋಡಿ ಬಲ್ಲೆ. ಅದನ್ನೆಲ್ಲ ಒಂದೇ ಗಂಟೆಯಲ್ಲಿ ನನ್ನ ಮಗಳ ತಲೆಗೆ ತುಂಬಲು ಕೂತೆ. ಅಂಥ ಮನೆಗಳಲ್ಲಿ ಮಕ್ಕಳು ಊಟಕ್ಕೆ ಕೂರುವುದಿಲ್ಲ, ಮೇಜಿನ ಪಕ್ಕ ನೆಟ್ಟಗೆ ನಿಲ್ಲಬೇಕು. ಬಾಯಿಬಿಟ್ಟು ಕೇಳಬಾರದು, ಕೊಟ್ಟಾಗ ಮಾತ್ರ ತೆಗೆದುಕೊಳ್ಳಬೇಕು. ಬ್ರೆಡ್ಡನ್ನು ಕಚ್ಚದೆ ಮುರಿದು ತಿನ್ನಬೇಕು. ಚಾಕು ಒರೆಸಿ ಅದರ ತುದಿಯಿಂದ ಉಪ್ಪು ತೆಗೆದುಕೊಳ್ಳಬೇಕು.

"ಕೊನೇಲಿ ತಟ್ಟೇಲಿ ಒಂದ್ ತುಂಡು ಬಿಡ್ಬೇಕು, ಗೊತ್ತಾಯ್ತಾ?"

"ಮಾಂಸಾನ? ಯಾಕಮ್ಮಾ?"

"ದಿನಾ ಸಿಗೋರು ಹಾಗೇ ಮಾಡೋದು."

"ಇನ್ನೂ ಹಸಿವಿದ್ರೆ?"

"ಇದ್ರೂನೂ. ಹೊಟ್ಟೆ ತುಂಬ್ತು ಅನ್ನು. ನಾನೇ ತಿನ್ನು ಅಂದ್ರೂ ಮುಟ್ಬೇಡ. ತಪ್ಪಿದ್ರೆ ಅವ್ರು ನಿನ್ನ ಕರ್ಕೊಂಡ್ ಹೋಗ್ತಾರೆ."

ಅವಳ ಮುಖ ಬಿಳಿಚಿಕೊಂಡಿತು. ಹೆದರಿಸಬಾರದಿತ್ತು. ಆದರೆ ನಾನೇ ಹೆದರಿ ಸತ್ತಿದ್ದೆ.

ಸ್ಪರ್ ಬಂದು ನಮ್ಮ ಒಂದೇ ಒಂದು ಕುರ್ಚಿಯಲ್ಲಿ ಕೂತರು. ಒಲೆ ನೋಡಿದರು, ಮೂಗೆಳೆದು ವಾಸನೆ ಹಿಡಿದರು. ಹಿತ್ತಿಲ ಬಾಗಿಲ ಕಡೆ ಅವರ ಕಣ್ಣು ಹೋದಾಗ ನಾನು ಅಡ್ಡ ನಿಂತು ಬಡಿಸತೊಡಗಿದೆ.

"ಏನ್ ಟ್ಯಾಮ್ಸಿನ್, ಊಟ ಜೋರಾಗೇ ಇದೆ!"

"ದೇವ್ರು ನಡೆಸ್ತಿದಾನೆ ಯಜಮಾನ್ರೇ."

"ಎಲ್ಲಿ, ತಿನ್ನು ಮಗೂ, ನೋಡೋಣ."

ಹೆಪ್ಸಿ ನಿಂತಳು. ಬಡಿಸುವವರೆಗೆ ಕಾದಳು. ಬೆರಳ ತುದಿಯಲ್ಲಿ ಬ್ರೆಡ್ಡು ಮುರಿದಳು. ಅದರ ರುಚಿ ನಾಲಿಗೆಗೆ ತಾಗಿದ ಕೂಡಲೇ ಅವಳ ಕಣ್ಣು ಅಗಲವಾದವು. ಈಗ ಬಾಚಿಕೊಳ್ಳುತ್ತಾಳೆ, ಮುಗಿಯಿತು ಕಥೆ ಎಂದುಕೊಂಡು ನಾನು ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಬಟ್ಟೆಯನ್ನು ಹಿಂಡುತ್ತಾ ನಿಂತೆ. ಇಲ್ಲ, ನಿಧಾನವಾಗಿ ನುಂಗಿದಳು. ಚಾಕು ಒರೆಸಿ ಉಪ್ಪು ತೆಗೆದುಕೊಂಡಳು. ಕೊನೆಗೆ ಒಂದು ತುಂಡು ಮಾಂಸ ಉಳಿಯಿತು, ಕೊಬ್ಬಿನ ಒಳ್ಳೆಯ ತುಂಡು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಸಾಕಾ?"

"ಸಾಕು ಯಜಮಾನ್ರೇ. ಹೊಟ್ಟೆ ತುಂಬ್ತು."

ನನಗೆ ಆಗ ಎಂಥ ಹೆಮ್ಮೆಯಾಯಿತು! ಗೆದ್ದೆವೆಂದೇ ತಿಳಿದೆ.

ಸ್ಪರ್ ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು.

"ನಿಜ ಹೇಳ್ತೀನಿ ಟ್ಯಾಮ್ಸಿನ್. ನಿನ್ ಮನೆ ಪೀಪಾಯಿ ಖಾಲಿ ಅನ್ನೋದು ಊರಿಗೇ ಗೊತ್ತು. ಈ ಮಾಂಸ ಯಾರ ಮನೇದು ಅಂತ ನಾನು ಕೇಳೋಲ್ಲ ಬಿಡು. ನಮ್ಮನೇಲಿ ಬಡಿಸೋಕೆ ಒಬ್ಬ ಹುಡುಗಿ ಬೇಕು. ಇಬ್ಬರು ಹುಡುಗೀರನ್ನ ತಂದ್ರೂ ನಮ್ಮನೆಯವಳು ಓಡಿಸಿಬಿಟ್ಲು. ಒರಟು, ಗಬಗಬ ಮುಕ್ತಾರೆ ಅಂತ. ಇದೂ ಹಾಗೇ ಇರುತ್ತೆ, ಯಾರೂ ಕೆಲಸಕ್ಕೆ ಇಟ್ಕೊಳ್ಳದ ಮಗು ತಾಯಿ ಹತ್ರಾನೇ ಇರ್ಲಿ ಅಂತ ಬರೆದು ಹೋಗೋಣ ಅಂದ್ಕೊಂಡ್ ಬಂದೆ. ಆದ್ರೆ ಎಂಥ ನಯ, ಎಂಥ ಶಿಸ್ತು! ಇವಳು ನಮ್ಮನೆಗೇ ಸರಿ."

ನಾನು ತಟ್ಟೆಯನ್ನು ಹೆಪ್ಸಿಯ ಮುಂದಕ್ಕೆ ನೂಕಿದೆ.

"ಇಲ್ಲ ಯಜಮಾನ್ರೇ, ಅವ್ಳು ಹಾಗಲ್ಲ! ನಾಯಿ ಥರ ತಿಂತಾಳೆ! ಹೆಪ್ಸೀ, ತಿನ್ನೇ! ಎರಡೂ ಕೈಲಿ ತಿನ್ನು! ಬಾಚ್ಕೊಂಡು ತಿನ್ನು ನನ್ ಕಂದಾ!"

ಸ್ಪರ್ ನಗುತ್ತಾ ಶಾಯಿಯ ಕುಡಿಕೆಯ ಮುಚ್ಚಳ ತೆಗೆದರು. ಹೆಪ್ಸಿ ನನ್ನ ಮುಖ ನೋಡಿದಳು, ಮಾಂಸದ ತುಂಡು ನೋಡಿದಳು. ಭಯಕ್ಕೆ ಅವಳ ಗದ್ದ ನಡುಗುತ್ತಿತ್ತು. ಆದರೂ ಕೈ ಮುಂದೆ ಚಾಚಲಿಲ್ಲ.

"ಬೇಡಮ್ಮಾ, ನಂಗೆ ಹೊಟ್ಟೆ ತುಂಬಿದೆ," ಎಂದಳು, ಸ್ಪರ್ ಯಜಮಾನರಿಗೆ ಚೆನ್ನಾಗಿ ಕೇಳಿಸಲೆಂದು ಗಟ್ಟಿಯಾಗಿ.