ಕೆಚ್ಚಿನ ಬೂದಿ

ಸಪ್ನಾ ಶೇಂಗಾ ಹೋಳಿಗೆ ತಂದ ದಿನವೇ ಕಲ್ಪನಾಳಿಗೆ ಸಂಶಯ ಹುಟ್ಟಿತು. ಎದುರು ಮನೆಗೆ ಡಂಬಳದಿಂದ ಸೊಸೆಯಾಗಿ ಬಂದು ವರ್ಷವೂ ತುಂಬದ ಹುಡುಗಿ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ತಾಟಿನ ಮೇಲೆ ಅರಿವೆ ಮುಚ್ಚಿಕೊಂಡು ಬಾಗಿಲಲ್ಲಿ ನಿಂತರೆ ಏನಂತ ತಿಳಿಯಬೇಕು?

"ಅಕ್ಕಾರ, ನನಗೂ ಕೆಚ್ಚೋದು ಕಲಸ್ರಿ," ಎಂದಳು, ತಾಟು ಕೆಳಗಿಡುವ ಮೊದಲೇ.

ಬೆಟಗೇರಿಯ ಆ ಓಣಿಯಲ್ಲಿ ಯಾರ ಮಗ್ಗದ ಹಾಸು, ಅಂದರೆ ಉದ್ದೆಳೆಗಳು, ಮುಗಿದರೂ ಕಲ್ಪನಾಳಿಗೆ ಕರೆ ಬರುತ್ತಿತ್ತು. ಹಳೆಯ ಹಾಸಿನ ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೆರಳಿನಿಂದ ಹೊಸೆದು ಸೇರಿಸಬೇಕು. ಅದೇ ಕೆಚ್ಚು. ಗಂಟು ಇರಕೂಡದು, ಎಳೆ ಬಿಚ್ಚಲೂ ಕೂಡದು. ಕಲ್ಪನಾ ಹೊಸೆದ ಎಳೆ ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ. "ದೇವರು ಕೊಟ್ಟ ಕೈ" ಎನ್ನುತ್ತಿದ್ದರು. ಅವಳಿಗೆ ಹಾಡಲು ಬರುತ್ತಿರಲಿಲ್ಲ, ನಾಲ್ಕು ಮಂದಿ ನಡುವೆ ಮಾತಾಡಲು ಬರುತ್ತಿರಲಿಲ್ಲ, ಮಕ್ಕಳಾಗಿರಲಿಲ್ಲ. ಓಣಿಯಲ್ಲಿ ಅವಳಿಗೆ ಇದ್ದ ಹೆಸರೆಲ್ಲ ಆ ಬೆರಳುಗಳ ತುದಿಯಲ್ಲೇ ಇತ್ತು. ಅದನ್ನು ಈ ಹುಡುಗಿ ಒಂದು ತಾಟು ಹೋಳಿಗೆ ಕೊಟ್ಟು ಕೇಳುತ್ತಿದ್ದಳು.

ಹೋಳಿಗೆಯನ್ನು ಕಲ್ಪನಾ ಮುಟ್ಟಲಿಲ್ಲ. ಅತ್ತೆ ಚೌಡವ್ವ ಮುರಿದು ಬಾಯಿಗೆ ಹಾಕಿಕೊಂಡಳು. "ಇದರಾಗ ಏನರ ಮದ್ದ ಹಾಕಿದ್ರ ಮೊದಲ ನಾನಽ ಹೋಗತೇನಿ ಬಿಡು. ನಿನಗೂ ಛಲೋ ಆತು."

"ಸುಮ್ನ ತಿನ್ರಿ ಅತ್ತಿ. ಬಿಟ್ಟಿ ಯಾರೂ ಏನೂ ತರಂಗಿಲ್ಲ."

ಮರುದಿನ ನೂಲು ಕೊಟ್ಟು ನೇಯಿಸುವ ಸಾಹುಕಾರ ಕುಬೇರಪ್ಪನ ಅಂಗಡಿ ಮುಂದೆ ಸಪ್ನಾ ಕೈಯಾಡಿಸಿ ಮಾತಾಡುತ್ತಿದ್ದಳು. ಕಲ್ಪನಾ ಬರುತ್ತಿದ್ದಂತೆ ಇಬ್ಬರೂ ಸುಮ್ಮನಾದರು. ಕುಬೇರಪ್ಪ ಕಾರಣವಿಲ್ಲದೆ ತಕ್ಕಡಿ ಒರೆಸತೊಡಗಿದ. ಇಷ್ಟು ಸಾಕಾಯಿತು. ನನ್ನ ಜಾಗಕ್ಕೆ ಇವಳನ್ನು ತಯಾರು ಮಾಡುತ್ತಿದ್ದಾರೆ ಎಂದುಕೊಂಡಳು ಕಲ್ಪನಾ.

ಕಲಿಸುವುದಿಲ್ಲ ಎಂದರೆ ಓಣಿಯ ಬಾಯಿಗೆ ಸಿಗಬೇಕು. ಅದಕ್ಕೇ ಒಪ್ಪಿಕೊಂಡಳು.

ಮಧ್ಯಾಹ್ನಗಳಲ್ಲಿ ಸಪ್ನಾ ಬಂದು ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯ ಅಂಚಿನಲ್ಲಿ ಕೂರುತ್ತಿದ್ದಳು. ಎಳೆ ಹೇಗೆ ಆರಿಸಬೇಕು, ಯಾವ ಬೆರಳು ಮುಂದೆ, ಯಾವುದು ಹಿಂದೆ, ಎಲ್ಲವನ್ನೂ ಕಲ್ಪನಾ ತೋರಿಸಿದಳು. ಒಂದು ಸಂಗತಿ ಬಿಟ್ಟು. ಅವಳ ಮೊಣಕಾಲ ಬಳಿ ಒಂದು ಹಿತ್ತಾಳೆ ಬಟ್ಟಲಲ್ಲಿ ಸೋಸಿದ ಸಗಣಿ ಕುಳ್ಳಿನ ಬೂದಿ ಇರುತ್ತಿತ್ತು. ಹೊಸೆಯುವ ಮೊದಲು ಬೆರಳಿಗೆ ಬೂದಿ ತಾಗಿಸಿದರೆ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ.

"ಈ ಬೂದಿ ಯಾಕ್ರಿ ಅಕ್ಕಾರ?"

"ದೃಷ್ಟಿಗೆ. ನನ್ನ ಕೈ ಮ್ಯಾಲ ಊರ ಕಣ್ಣೈತಿ. ನಿನಗ್ಯಾಕ ಅದು? ನೀನು ನೀರು ಹಚ್ಚಿ ಹೊಸಿ."

ನೀರು ಹಚ್ಚಿ ಹೊಸೆದ ರೇಷ್ಮೆ ಎಳೆ ಒದ್ದೆ ಇರುವ ತನಕ ಅಂಟಿಕೊಂಡಿರುತ್ತದೆ. ಒಣಗಿದ ಮೇಲೆ ಜಾರುತ್ತದೆ. ಸಪ್ನಾ ಹೊಸೆದ ತುಂಡುಗಳನ್ನೆಲ್ಲ ಕಲ್ಪನಾ ಸಂಜೆಯೇ, ಅವು ಒಣಗುವ ಮೊದಲೇ, ಗುಡಿಸಿ ಹಾಕುತ್ತಿದ್ದಳು. ಹುಡುಗಿಯ ಬೆರಳು ಚುರುಕಾಗಿತ್ತು, ತನ್ನದು ಆ ವಯಸ್ಸಿನಲ್ಲಿ ಇದ್ದದ್ದಕ್ಕಿಂತ ಚುರುಕು. ಅದನ್ನು ನೋಡಿದಾಗಲೆಲ್ಲ "ನೀರು ಹಚ್ಚು" ಎಂದು ಮತ್ತೊಮ್ಮೆ ಹೇಳುತ್ತಿದ್ದಳು.

ಮೂಲೆಯಲ್ಲಿ ಕೂತ ಚೌಡವ್ವ ಎಲ್ಲ ನೋಡುತ್ತಿದ್ದಳು. ಕಲ್ಪನಾಳಿಗೆ ಬೂದಿ ಹಚ್ಚಿ ಕಲಿಸಿದವಳು ಅವಳೇ. ಒಂದು ದಿನ ಸಪ್ನಾ ಎದ್ದು ಹೋದ ಮೇಲೆ ಎಲೆಯಡಿಕೆ ಜಗಿಯುತ್ತ ಹೇಳಿದಳು: "ದೇವರು ಕೈ ಕೊಟ್ಟಾನವ್ವಾ. ಮುಷ್ಟಿ ಮಾತ್ರ ನೀನಽ ಮಾಡಿಕೊಂಡಿ."

"ನಿಮಗ ತಿಳಿಯಂಗಿಲ್ಲ. ಆಕಿ ಕುಬೇರಪ್ಪನ ಮಂದಿ."

"ಹೂಂ. ಆಕಿ ಕೊಟ್ಟ ಹೋಳಿಗಿ ತಿಂದು ನಾನೂ ಕುಬೇರಪ್ಪನ ಮಂದಿ ಆಗೇನಿ."

ಶ್ರಾವಣ ಹಿಡಿದ ಮೇಲೆ ಸಪ್ನಾ ಬರುವುದು ನಿಂತಿತು. ಎದುರು ಮನೆಯೊಳಗೆ ಹೊಸ ಹಾಸು ಹೋದದ್ದನ್ನು ಕಲ್ಪನಾ ಕಿಟಕಿಯಿಂದ ನೋಡಿದಳು. ಹಾಗಾದರೆ ಖರೆ. ಇನ್ನೇನು, ರಾತ್ರಿ ಎಳೆ ಒಣಗಿದರೆ ಮುಂಜಾನೆ ತಾನಾಗಿಯೇ ಗೊತ್ತಾಗುತ್ತದೆ ಎಂದು ಕಾದಳು. ಕಾಯುವುದರಲ್ಲಿ ಒಂದು ಬಗೆಯ ಸುಖವಿತ್ತು, ಅದು ಅವಳಿಗೇ ಹಿಡಿಸಲಿಲ್ಲ.

ಮುಂಜಾನೆ ಬಂದವನು ಕುಬೇರಪ್ಪ. ಚಪ್ಪಲಿ ಕಳೆಯದೆ ಕಟ್ಟೆಯ ಮೇಲೇ ನಿಂತ.

"ಏನವ್ವಾ ಕಲ್ಪನಾ, ಹಿಂಗ ಕಲಸ್ತೀಯೇನ? ಹಾಸಿನ ಎಳಿ ಎಲ್ಲಾ ಬಿಚ್ಚಿಕೊಂಡಾವು."

"ಅಷ್ಟ ಅವಸರ ಯಾಕ ಬೇಕಾಗಿತ್ತು ಸಾಹುಕಾರ್ರ? ನನ್ನ ಬಿಡಿಸಿ ಆಕೀನ್ನ ಹಚ್ಚಾಕ?"

"ನಿನ್ನ ಬಿಡಸೋದಾ?" ಕುಬೇರಪ್ಪ ಅವಳ ಮುಖವನ್ನೇ ನೋಡಿದ. "ಸಪ್ನಾನ ಅತ್ತಿ ಸತ್ತ ಮ್ಯಾಲ ಅವರ ಮನಿ ಮಗ್ಗ ಖಾಲಿ ಬಿದ್ದೈತಿ. ಹಾಸು ಕೊಡ್ರಿ ಅಂತ ಬಂದ್ಲು. ಕೆಚ್ಚಾಕ ಕಲ್ಪನಾನ ಪಾಳಿ ಕಾಯಬೇಕು, ಆಕಿಗೆ ಬಿಡುವಿಲ್ಲ, ನೀನಽ ಕಲಿ ಅಂದೆ. ನಿನ್ನ ಮುಂದ ಹ್ಯಾಂಗ ಅನ್ನೋದು ಅಂತ ಆವತ್ತ ಸುಮ್ನಾದ್ವಿ. ಈಗ ನೋಡಿದ್ರ ಹಾಸು ವಾಪಸ್ ಒಯ್ರಿ ಅಂತ ಅಳಕೋತ ಕುಂತಾಳ. ಅಕ್ಕಾರು ಛಲೋ ಕಲಿಸ್ಯಾರ, ನನ್ನ ಕೈಗೆ ದೇವರು ಕೊಟ್ಟಿಲ್ಲ ಅಂತಾಳ. ಸಂಜಿಗೆ ಒಯ್ತೇನಿ."

ಅವನು ಹೋದ. ಚೌಡವ್ವ ಎಲೆಯಡಿಕೆ ಜಗಿಯುತ್ತಲೇ ಇದ್ದಳು. ಏನಾದರೂ ಅಂದಿದ್ದರೆ ಕಲ್ಪನಾ ಜಗಳಾಡಿ ಮನೆಯಲ್ಲೇ ಉಳಿಯುತ್ತಿದ್ದಳೇನೋ.

ಬೂದಿ ಬಟ್ಟಲು ಎತ್ತಿಕೊಂಡು ರಸ್ತೆ ದಾಟುವಾಗಲೂ ಅನುಮಾನ ಬೆನ್ನು ಬಿಡಲಿಲ್ಲ. ನನ್ನನ್ನು ಕರೆಸಿಕೊಳ್ಳಲು ಹೂಡಿದ ಅಳು ಇರಬಹುದೇ? ಬೂದಿ ತೋರಿಸಿದರೆ ಇಷ್ಟು ದಿನ ಏನು ಮಾಡಿದೆ ಎಂದು ಗೊತ್ತಾಗುತ್ತದಲ್ಲ?

ಸಪ್ನಾ ಅಳುತ್ತಿರಲಿಲ್ಲ. ಕುಣಿಯಲ್ಲಿ ಕಾಲು ಬಿಟ್ಟು, ಬಿಚ್ಚಿದ ಎಳೆಗಳನ್ನು ಒಂದೊಂದಾಗಿ ಮತ್ತೆ ಹೊಸೆಯುತ್ತಿದ್ದಳು. ಪಕ್ಕದಲ್ಲಿ ನೀರಿನ ಬಟ್ಟಲು. ಅವಳ ಬೆರಳ ತುದಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿ ಒಂದೆರಡು ಕಡೆ ಚರ್ಮ ಸುಲಿದಿತ್ತು.

ಕಲ್ಪನಾ ಎದುರಿಗೆ ಕೂತಳು. ನೀರನ್ನು ಹೊರಗೆ ಚೆಲ್ಲಿ, ಆ ಬೆರಳುಗಳನ್ನು ಸೆರಗಿನಿಂದ ಒರೆಸಿ, ಬೂದಿಯಲ್ಲಿ ಅದ್ದಿಸಿದಳು.

"ಈಗ ಹೊಸಿ."

ಸಪ್ನಾ ಹೊಸೆದಳು. ಎಳೆ ಕಚ್ಚಿಕೊಂಡಿತು. ಅವಳು ಬೂದಿಯನ್ನು ನೋಡಿದಳು, ಆಮೇಲೆ ಕಲ್ಪನಾಳನ್ನು ನೋಡಿದಳು.

"ದೃಷ್ಟಿಗೆ ಅಂದಿದ್ರಿ."

"ಸುಳ್ಳ ಹೇಳಿದ್ದೆ."

"ಯಾಕ್ರಿ?"

"ನಿನ್ನ ಕೈ ನೋಡಿ ಹೆದರಿಕಿ ಬಂತು. ದೇವರು ಕೊಟ್ಟಿಲ್ಲ ಅಂದೀಯಂತ. ಕೊಟ್ಟಾನ. ನನಗ ಕೊಟ್ಟದ್ದಕ್ಕಿಂತ ಒಂದ ತೂಕ ಜಾಸ್ತಿನಽ ಕೊಟ್ಟಾನ."

ಸಪ್ನಾ ಈಗ ಹೊಸೆದ ಎಳೆಯನ್ನು ಹಿಡಿದು ಎಳೆದಳು. ಇನ್ನೊಂದನ್ನು ಹೊಸೆದು ಅದನ್ನೂ ಎಳೆದು ನೋಡಿದಳು. ಹೀಗೆ ನಂಬದೆ ಎಳೆದು ನೋಡುವುದು ಕಲ್ಪನಾ ಕಲಿಸಿದ್ದಲ್ಲ. ಅಲ್ಲ, ಕಲಿಸಿದ್ದೇ.

"ಎಳಿ," ಎಂದಳು ಕಲ್ಪನಾ. "ಇನ್ನೂ ಜೋರ ಎಳಿ. ನನ್ನ ಮಾತ ನಂಬಬ್ಯಾಡ, ಎಳಿ ನಂಬು."

ಸಂಜೆ ಕುಬೇರಪ್ಪ ಬಂದಾಗ ಇಬ್ಬರೂ ಎರಡು ತುದಿಯಿಂದ ಕೆಚ್ಚುತ್ತ ನಡುವಿಗೆ ಬರುತ್ತಿದ್ದರು. "ಏನ, ಹಾಸು ಒಯ್ಲೋ ಬಿಡ್ಲೋ?" ಎಂದು ಬಾಗಿಲಿಂದಲೇ ಕೇಳಿದ. ಕಲ್ಪನಾ ಬಾಯಿ ತೆರೆಯುವ ಮೊದಲೇ ಸಪ್ನಾ ಹೇಳಿದಳು:

"ಇವತ್ತ ಹೇಳಂಗಿಲ್ರಿ ಸಾಹುಕಾರ್ರ. ನಾಳೆ ಮುಂಜಾನೆ ಎಳಿ ನೋಡಿ ಹೇಳತೇನಿ."

ಕಲ್ಪನಾ ಎದ್ದಳು. ಬೂದಿ ಬಟ್ಟಲನ್ನು ಅಲ್ಲೇ ಬಿಟ್ಟು ಬಂದಳು. ಅವಳ ಕೈ ಖಾಲಿಯಿದ್ದುದನ್ನು ಕಂಡು ಚೌಡವ್ವ ಹೊಸ ಬೂದಿ ಸೋಸಲು ಜರಡಿ ಹುಡುಕತೊಡಗಿದಳು.