ಬೋಟೆಮಾಳ ಮಗಳ ಹೆಸರು

“ಪೊಕುವಾಳ ಮಗಳು ಬೋಟೆಮಾ, ಬೋಟೆಮಾಳ ಮಗಳು…”

ಹಾಡುತ್ತಿದ್ದ ಸೆರ್ವಾಳ ದನಿ ಗಕ್ಕನೆ ನಿಂತಿತು. ತಾಯಿ ಕೊನಾಡುವಿನ ಶವಪೆಟ್ಟಿಗೆಯ ಸುತ್ತ ಎರಡು ಹೆಜ್ಜೆ ಹಾಕಿ ಅದೇ ಸಾಲು ಹಿಡಿದಳು, ಮತ್ತೆ ಅಲ್ಲೇ ಎಡವಿದಳು. ಶೋಕದ ಕೆಂಪು, ಕಪ್ಪು ಬಟ್ಟೆಯುಟ್ಟು ಕೂತಿದ್ದ ಹೆಂಗಸರೆಲ್ಲ ತಲೆಯೆತ್ತಿದರು. ಸತ್ತವಳ ತಾಯಿ, ಅಜ್ಜಿ, ಮುತ್ತಜ್ಜಿಯರನ್ನು ಸಾಲಾಗಿ ಕೂಗಿ ಕರೆದರೆ ಮಾತ್ರ ಅವರು ಪರಲೋಕದಿಂದ ಅವಳನ್ನು ಎದುರುಗೊಳ್ಳಲು ಬರುತ್ತಾರೆ. ಒಬ್ಬಳು ತಪ್ಪಿದರೂ ಕೊನಾಡು ಅಜ್ಜಿ ನಡುದಾರಿಯಲ್ಲಿ ಅನಾಥೆ.

“ನಿನ್ನೆಯೆಲ್ಲ ಕೂತು ಉರು ಹೊಡೀತಿದ್ಲಲ್ಲೇ!” ಎಂದಳು ಒಬ್ಬಳು.

“ಒಂದೇ ದಿನ ಗಬಗಬ ತಿಂದ್ರೆ ಮೈಗೆ ಹತ್ತುತ್ತೇನೇ?” ಎಂದಳು ಅಜ್ಜಿಯ ಗೆಳತಿ ಫ್ರೆಮಾ.

“ಅಂಪೊನ್ಸಾ!”

ಕೂಗಿದ್ದು ಯಾರೆಂದು ಎಲ್ಲರೂ ತಿರುಗಿದರು. ಪೆಟ್ಟಿಗೆಯ ಪಕ್ಕ ನಿಂತು ನೊಣ ಓಡಿಸುತ್ತಿದ್ದ ಮೊಮ್ಮಗಳು ದುಫಿಯೆ ಬೀಸಣಿಗೆ ಕೈಬಿಟ್ಟು ಬಾಯಿ ಮುಚ್ಚಿಕೊಂಡಿದ್ದಳು. ಆ ಹೆಸರು ತನ್ನ ಬಾಯಿಂದಲೇ ಬಂದದ್ದೆಂದು ಅವಳಿಗೇ ನಂಬಿಕೆಯಾಗಲಿಲ್ಲ.

*

ಅಜ್ಜಿ ಆ ಹೆಸರುಗಳನ್ನು ದುಫಿಯೆಗೆ ಮೊದಲು ಹೇಳಿದ್ದು ವರ್ಷಗಳ ಹಿಂದೆ ಸಂತೆಯಲ್ಲಿ, ಹೊಗೆಮೀನು ಜೋಡಿಸುತ್ತಾ. ಮಾರನೆಯ ದಿನ ಕೇಳಿದಳು. ವಾರ ಬಿಟ್ಟು ಕೇಳಿದಳು. ಆಮೇಲೆ ತಿಂಗಳುಗಟ್ಟಲೆ ಸುಮ್ಮನಿದ್ದು, ಗಿರಾಕಿ ಚೌಕಾಸಿ ಮಾಡುತ್ತಿದ್ದಾಗ ಥಟ್ಟನೆ, “ಬೋಟೆಮಾಳ ಮಗಳ ಹೆಸರೇನೇ?”

“ಅಯ್ಯೋ ಅಜ್ಜಿ, ಆವತ್ತೇ ಹೇಳಿದ್ನಲ್ಲ! ಅದು… ತಡಿ… ಅಂಪೊನ್ಸಾ.”

“ಸರಿ, ಮೀನು ಕಟ್ಟು.”

ಅಜ್ಜಿಗೆ ಅರಳುಮರಳು ಎಂದು ಮನೆಯವರು ತೀರ್ಮಾನಿಸಿದರು. ಸೆರ್ವಾ ಬೇರು ತರಿಸಿ ಕಷಾಯ ಕುಡಿಸಿದಳು. ಪಾಪ ಮುದುಕಿ ಎಂದು ದುಫಿಯೆ ಪ್ರತಿಸಲವೂ ಉತ್ತರ ಕೊಟ್ಟಳು.

*

“ಯಾರೇ ಕಲಿಸಿದ್ದು ನಿನಗೆ?” ಸೆರ್ವಾ ಅವಳ ಭುಜ ಹಿಡಿದು ಅಲುಗಿಸಿದಳು.

“ಯಾರೂ ಇಲ್ಲ ದೊಡ್ಡಮ್ಮ. ಅಜ್ಜಿಗೆ ಮರೆವು ಅಲ್ವಾ, ಕೇಳ್ತಿದ್ಲು, ಹೇಳ್ತಿದ್ದೆ.”

“ಮರೆವಂತೆ ಮರೆವು!” ಎಂದಳು ಫ್ರೆಮಾ. “ನಿಮ್ಮಜ್ಜಿಯ ತಾಯಿ, ಸೆರ್ವಾ ಹುಟ್ಟೋ ಮೊದಲೇ ಹೋದವಳು, ಅವಳನ್ನೂ ಹೀಗೇ ಕಾಡಿದ್ಲು ಕಣೇ. ಹೆಸರು ಇನ್ನೇನು ಜಾರುತ್ತೆ ಅನ್ನೋ ಹೊತ್ತಿಗೆ ಬಂದು ಕೇಳೋದು. ತಿಣುಕಿ ತೆಗೆದಿದ್ದು ಮತ್ತೆ ಹೋಗಲ್ಲ ಅಂತ.”

ದುಫಿಯೆ ಪೆಟ್ಟಿಗೆಯತ್ತ ತಿರುಗಿದಳು. ಇಷ್ಟು ವರ್ಷ ತಾನು ಅಜ್ಜಿಯನ್ನು ಸಂಭಾಳಿಸುತ್ತಿದ್ದೇನೆ ಎಂದುಕೊಂಡಿದ್ದಳಲ್ಲ!

“ಬಾಯಿ ಬಿಟ್ಕೊಂಡು ನಿಂತೀಯೇನೇ? ಮುಗಿಸು. ಅಂಪೊನ್ಸಾಳ ಮಗಳು ಯಾರು?” ಎಂದು ಫ್ರೆಮಾ ಗದರಿದಳು.

ಆ ಪ್ರಶ್ನೆಯನ್ನು ಅಜ್ಜಿ ಒಮ್ಮೆಯೂ ಕೇಳಿರಲಿಲ್ಲ. ಉತ್ತರ ದುಫಿಯೆಗೆ ಗೊತ್ತಿತ್ತು. ಅದನ್ನು ಹೇಳಿದರೆ ಅಜ್ಜಿಯನ್ನು ಆ ತಾಯಂದಿರಿಗೆ ಒಪ್ಪಿಸಿಕೊಟ್ಟಂತೆ ಎಂಬುದೂ ಗೊತ್ತಿತ್ತು. ಅವಳು ಪೆಟ್ಟಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅಂಪೊನ್ಸಾಳ ಮಗಳು… ಕೊನಾಡು.”

“ಬಂದಳು, ಕರಕೊಳ್ಳಿ!” ಎಂದು ಅಂಗಳವೆಲ್ಲ ಕೂಗಿತು. ಗಂಡಸರು ಪೆಟ್ಟಿಗೆಗೆ ಹೆಗಲು ಕೊಟ್ಟು ಎತ್ತಿದರು. ಅದರ ಅಂಚು ಹಿಡಿದಿದ್ದ ದುಫಿಯೆಯೂ ಜೊತೆಗೇ ತುದಿಗಾಲ ಮೇಲೆ ಎದ್ದಳು, ಸೆರ್ವಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.