ಎದೆಗೆ ಕಟ್ಟಿಕೊಂಡ ಕೂಸು

"ಕೆಳಗ ಇಳೀಬ್ಯಾಡ! ಹಿಂದ ಸರಿ!"

ಗಂಗಪ್ಪ ಅಡ್ಡ ನಿಂತ. ಮಾದೇವಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಯ ಅಂಚಿಗೆ ಬಂದಿದ್ದಳು. ಸಿದಿಗೆಯ ಮೇಲೆ ಅವಳ ಅಪ್ಪ ಅಂದಾನೆಪ್ಪನ ಹೆಣ. ಮೊರಬದ ಹೊಲಗಳಲ್ಲಿ ಕೂಲಿ ಮಾಡಿಯೇ ಬಾಳಿದವನು ಅವನು. ನಿನ್ನೆ ಹೆಸರುಕಾಯಿ ಬಿಡಿಸುತ್ತಿದ್ದಲ್ಲೇ ಕುಸಿದಿದ್ದ. ೧೯೮೬ರ ಶ್ರಾವಣ. ಮಳೆ ಬರುವುದರೊಳಗೆ ಮಣ್ಣು ಮುಗಿಯಬೇಕಿತ್ತು.

"ನಮ್ಮಪ್ಪನ್ನ ನಾನ ಇಳಿಸಕೋತೀನಿ, ಅಣ್ಣಾ."

"ಅವನ ಅಣ್ಣನ ಮಗ ನಾ ಇಲ್ಲೇನು? ಹೆಣ್ಣಮಗಳು ಗುಂಡಿಗೆ ಇಳಿದ್ರ ನಾವು ಊರಾಗ ತಲಿ ಎತ್ತೂದ ಹೆಂಗ?"

ಗಂಡಸರು ಗುಜುಗುಜು ಅಂದರು. "ದುರಗವ್ವನ್ನ ಕೇಳ್ರಿ, ಆಕಿನ ಹಿರ್ಯಾಕಿ."

ಸತ್ತವನ ಅಕ್ಕ ದುರಗವ್ವ ಕೋಲೂರಿ ನಿಂತಿದ್ದಳು.

* * *

ಮಾದೇವಿ ಹುಟ್ಟಿದಾಗ ಅಳಲಿಲ್ಲ. ಅದೇ ವಾರ ತಾಯಿ ರಾಮವ್ವ ತೀರಿಕೊಂಡಳು. ಕೂಸು ಕಣ್ಣು ಬಿಟ್ಟರೂ ಯಾರನ್ನೂ ನೋಡುತ್ತಿರಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು.

"ಇದಕ್ಕ ಬುದ್ಧಿ ಬರೂದಿಲ್ಲ ತಮ್ಮಾ. ಬಿಟ್ಟಬಿಡು. ಇನ್ನೊಂದ ಮದುವಿ ಮಾಡ್ಕೊ," ಅಂದಿದ್ದಳು ದುರಗವ್ವ.

ನವಲಗುಂದದ ಡಾಕ್ಟರು ಬೇರೆಯೇ ಹೇಳಿದರು. "ಖಾತ್ರಿ ಕೊಡಾಕ ಆಗೂದಿಲ್ಲ. ಆದ್ರ ಮಿದುಳು ಬೆಳಿಯೂ ಹೊತ್ತ ಇದು. ಎತ್ತಿಕೊ, ಮುಖಾ ನೋಡಿ ಮಾತಾಡ್ಸು. ತಾಯಿನ ಬೇಕಂತೇನಿಲ್ಲ."

"ನನಗ ಮಾತ ಬರೂದಿಲ್ರಿ."

"ಕಂಡದ್ದ ಹೇಳು."

ಅಂದಾನೆಪ್ಪ ಕೂಸನ್ನು ಧೋತರದಲ್ಲಿ ಎದೆಗೆ ಕಟ್ಟಿಕೊಂಡು ಹೊಲಕ್ಕೆ ಹೋದ. ನೆರೆಮನೆಯ ಶಮೀಮಾಬಿ ಆಡಿನ ಹಾಲು ಕಾಸಿ ಕೊಡುತ್ತಿದ್ದಳು. ಯಾರೊಡನೆಯೂ ನಾಲ್ಕು ಮಾತಾಡದವನು ದಿನವಿಡೀ ಕೂಸಿಗೆ ಹೇಳುತ್ತಿದ್ದ: "ಇದು ಜ್ವಾಳ. ಅದು ಬೆಳ್ಳಕ್ಕಿ. ಅಂವ ಗೌಡ್ರ ಆಳು, ನಮ್ಮನ್ನ ನೋಡಿ ನಗಾಕತ್ಯಾನ. ನಗಲಿ."

"ಹೆಂಗಸಾಗ್ಯಾನ" ಅಂತ ಕೆಲವರು ಅವನನ್ನು ಕೂಲಿಗೆ ಕರೆಯುವುದನ್ನೇ ಬಿಟ್ಟರು. ತಿಂಗಳುಗಳು ಕಳೆದರೂ ಕೂಸು ಹಾಗೇ ಇತ್ತು. ಕಲ್ಲಿನ ಜೊತೆ ಮಾತಾಡುತ್ತಿದ್ದೇನೇನೋ ಎಂದು ಅವನಿಗೂ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಬದುವಿನ ಮೇಲೆ ಕೂತು, ಮಾತು ನಿಲ್ಲಿಸಿ, ನೀರು ಕುಡಿಯತೊಡಗಿದ.

"ಊಂ?"

ಎದೆಯ ಮೇಲಿಂದ ಬಂದ ಸದ್ದು. ಮುಂದೆ ಹೇಳು ಅನ್ನುವ ಹಾಗೆ ಕೂಸು ಅವನ ಬಾಯಿಯನ್ನೇ ನೋಡುತ್ತಿತ್ತು. ಚೆಂಬು ಅವನ ಕೈಯಿಂದ ಜಾರಿತು.

* * *

ಹನಿ ಶುರುವಾಯಿತು.

"ಹೇಳ ಅತ್ತಿ, ತಡಾ ಆಗಾಕತ್ತೈತಿ!" ಗಂಗಪ್ಪ ಒದರಿದ.

ದುರಗವ್ವ ಮಾದೇವಿಯನ್ನು ನೋಡಿದಳು. ಈಗ ಸಂಶಿಯ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಹುಡುಗಿ. ಅವಳೂ ಕಣ್ಣು ಕೀಳಲಿಲ್ಲ.

"ಇಕಿನ್ನ ಬಿಡು ಅಂದಾಗ ಅಂವ ನನ್ನ ಮಾತ ಕೇಳ್ಲಿಲ್ಲ," ಅಂದಳು ಮುದುಕಿ. "ಈಗ ಇಕಿ ಕೇಳ್ತಾಳೇನ್ಲೇ ಗಂಗ್ಯಾ? ದಾರಿ ಬಿಡು."

ಗಂಗಪ್ಪ ಹಲ್ಲು ಕಚ್ಚಿ ಪಕ್ಕಕ್ಕೆ ಸರಿದ.

ಮಾದೇವಿ ಇಳಿದಳು. ಮೇಲಿನಿಂದ ದೇಹ ಇಳಿಸಿದರು. ತಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಒರಗಿಸಿದಳು. ಅಷ್ಟರಲ್ಲಿ ಮಳೆ ಜೋರಾಯಿತು. ಬದಿಯ ಎರೆಮಣ್ಣು ಹೆಂಟೆಹೆಂಟೆಯಾಗಿ ಜಾರತೊಡಗಿತು.

"ಮ್ಯಾಲ ಬಾರಬೇ!" ಮೇಲಿದ್ದವರು ಕೂಗಿದರು.

ಕಾಲು ಕೆಸರಲ್ಲಿ ಕಚ್ಚಿಕೊಂಡಿತ್ತು. ಹತ್ತಲು ಹೋದಳು, ಜಾರಿದಳು. ಅಂಚು ಕುಸಿಯುತ್ತಿದ್ದಂತೆ ಗಂಡಸರು ಹಿಂದೆ ಸರಿದರು.

ಒಗೆದ ಬಿಳಿ ಅಂಗಿಯಲ್ಲೇ ಗಂಗಪ್ಪ ಅಂಚಿನ ಕೆಸರಿಗೆ ಬೋರಲು ಮಲಗಿ, ಅವಳ ಎರಡೂ ರಟ್ಟೆ ಹಿಡಿದು ಮೇಲಕ್ಕೆಳೆದ.